ಗೋಡೆಯನ್ನು ಹಿಂದಕ್ಕೆ ವಾಲಿಸಿದ ಮಳೆಗಾಲ

ಅಂತರರಾಷ್ಟ್ರೀಯ ಸ್ಪರ್ಧೆ ಮುಗಿದು, ಹೊರದೇಶದ ಆಟಗಾರರೆಲ್ಲ ಊರು ಬಿಟ್ಟ ಮೇಲೆ ನಮ್ಮ ಗೋಡೆಯನ್ನು ಮೊದಲು ಹತ್ತಿದ್ದು ಬಾದಾಮಿಯ ಮಂಗಗಳು. ಬೆಳಿಗ್ಗೆ ಶಟರ್ ಎತ್ತಿ ಒಳಗೆ ಬಂದರೆ ಒಂದು ಹಿಂಡೇ ಗೋಡೆಯ ತುಂಬ ಹರಡಿಕೊಂಡಿತ್ತು. ಅಂತಿಮ ಸುತ್ತಿಗೆಂದು ನಾನೇ ಕಟ್ಟಿದ್ದ ದಾರಿಯ ಕಟ್ಟಕಡೆಯ ಹಿಡಿಕೆಯ ಮೇಲೆ ತಾಯಿ ಮಂಗವೊಂದು ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಬಾಳೆಹಣ್ಣು ಸುಲಿಯುತ್ತಿತ್ತು. ಅಷ್ಟು ದೇಶಗಳಿಂದ ಬಂದ ಆಟಗಾರರಲ್ಲಿ ಇಬ್ಬರೇ ಇಬ್ಬರು ಮುಟ್ಟಿದ್ದ ಹಿಡಿಕೆ ಅದು.

ಗೋಡೆ ಹತ್ತುವ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಉಕ್ಕಿನ ಚೌಕಟ್ಟಿನ ಮೇಲೆ ದಪ್ಪ ಪ್ಲೈವುಡ್ ಹಲಗೆಗಳನ್ನು ಕೂರಿಸಿ ಐದಾರು ಆಳೆತ್ತರದ ಗೋಡೆ ಮಾಡುತ್ತಾರೆ. ಹಲಗೆಯ ತುಂಬ ತೂತುಗಳು, ಒಂದೊಂದರ ಹಿಂದೆಯೂ ಒಂದೊಂದು ನಟ್ಟು. ಬಣ್ಣ ಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳನ್ನು ಬೋಲ್ಟ್ ಹಾಕಿ ಬೇಕಾದಲ್ಲಿ ಬಿಗಿಯಬಹುದು. ಯಾವ ಹಿಡಿಕೆ ಎಲ್ಲಿ, ಯಾವ ಮಗ್ಗುಲಿಗೆ, ಎಷ್ಟು ದೂರಕ್ಕೆ ಎಂದು ಯೋಚಿಸಿ ಕೆಳಗಿನಿಂದ ಮೇಲಿನವರೆಗೆ ಒಂದೊಂದು ಬಣ್ಣಕ್ಕೆ ಒಂದೊಂದು ದಾರಿ ಕಟ್ಟುವುದು ನನ್ನ ಕೆಲಸ. ಬಾದಾಮಿಯ ಕೆಂಪುಗಲ್ಲಿನ ಮೇಲೆ ಕೈಯಾಡಿಸುತ್ತಲೇ ದೊಡ್ಡವನಾದೆ. ನಮ್ಮ ಅಬ್ಬಾ ಗುಡ್ಡದ ಬುಡದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಬಂಡೆ ಹತ್ತಲು ಬಂದ ಪರದೇಶದವರಿಗೆ ದಾರಿ ತೋರಿಸುತ್ತ ತೋರಿಸುತ್ತ ನಾನು ಈ ಕಸುಬಿಗೆ ಬಿದ್ದೆ.

ಊರ ಹೊರಗೆ, ಗುಳೇದಗುಡ್ಡದ ರಸ್ತೆಗೆ ಕಟ್ಟಿದ ಆ ಹಾಲ್‌ನಲ್ಲಿ ಸ್ಪರ್ಧೆ ಜಾತ್ರೆಯಂತೆ ನಡೆಯಿತು. ಆಮೇಲೆ ಸದ್ದಡಗಿತು. ಜಿಲ್ಲೆಯ ಕ್ರೀಡಾ ಅಧಿಕಾರಿ ನನ್ನನ್ನು ಬಾಗಲಕೋಟೆಗೆ ಕರೆಸಿಕೊಂಡರು. ಮೃದು ಮಾತಿನ, ಸದಾ ಅವಸರದಲ್ಲಿರುವ ಮನುಷ್ಯ.

"ನೋಡ್ರಿ, ಗೋಡಿ ಕ್ರೀಡಾ ಸಂಘದ್ದು, ಹಾಲ್ ನಮ್ಮದು. ಮಳಿಗಾಲ ಮುಗದ ಮ್ಯಾಲೆ ಸಂಘದವರು ತಪಾಸಣಿಗೆ ಬರ್ತಾರ. ಇಲ್ಲಿ ಮಂದಿ ಬಳಸಾಕತ್ತಿದ್ರ ಗೋಡಿ ಇಲ್ಲೇ ಇರ್ತೈತಿ. ಇಲ್ಲಾಂದ್ರ ಬಿಚ್ಚಿ ಬ್ಯಾರೆ ರಾಜ್ಯಕ್ಕ ಒಯ್ತಾರ. ಹಾಲ್ ಗೋದಾಮಿಗೆ ಕೇಳ್ಯಾರ, ಲಗ್ನಕ್ಕೂ ಕೇಳ್ಯಾರ. ಉಸ್ತುವಾರಿ ನೀವ ವಹಿಸ್ಕೋರಿ."

"ಎಷ್ಟು ಮಂದಿ ಬಂದ್ರ ಬಳಸಿದಂಗ್ರಿ ಸರ್?"

"ಅದನ್ನ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ" ಎಂದು ನಕ್ಕರು.

ನನಗೆ ಹೆಚ್ಚೇನೂ ಚಿಂತೆಯಾಗಲಿಲ್ಲ. ಪ್ರಪಂಚದ ಉತ್ತಮ ಗೋಡೆಗಳಲ್ಲಿ ಒಂದು ಊರ ಬಾಗಿಲಿಗೇ ಬಂದು ನಿಂತಿದೆ, ಬಾಗಿಲು ತೆರೆದರೆ ಸಾಕು, ಹುಡುಗರು ಮುತ್ತಿಕೊಳ್ಳುತ್ತಾರೆ ಅಂದುಕೊಂಡೆ. ಮುತ್ತಿಕೊಂಡದ್ದೂ ಹೌದು. ಮೊದಲ ಭಾನುವಾರ ಬಾದಾಮಿ, ಕೆರೂರು, ಐಹೊಳೆ ಕಡೆಯಿಂದ ಬೈಕಿನ ಮೇಲೆ ಮೂರು ಮೂರು ಮಂದಿ ಬಂದರು. ಒಬ್ಬೊಬ್ಬರಿಗೂ ಸೊಂಟದ ಬೆಲ್ಟು ಕಟ್ಟಿ, ಹಗ್ಗ ಹಾಕಿ ಬಿಟ್ಟೆ. ಗೋಡೆ ಕೆಳಗಿನಿಂದಲೇ ನಮ್ಮ ಕಡೆಗೆ ಬಾಗಿತ್ತು. ಸ್ಪರ್ಧೆಯ ಗೋಡೆ ಹಾಗೆಯೇ ಇರುತ್ತದೆ. ಅದರ ಮೇಲೆ ಇಡೀ ಮೈಯ ಭಾರ ಬೆರಳಿಗೆ ಬೀಳುತ್ತದೆ. ಗಟ್ಟಿಮುಟ್ಟಾದ ಹುಡುಗರು ಎರಡನೇ ಹಿಡಿಕೆಗೆ ಕೈ ಚಾಚುವಷ್ಟರಲ್ಲಿ ಜಾರಿ ಹಗ್ಗಕ್ಕೆ ಜೋತುಬಿದ್ದರು. ಕೆಳಗಿದ್ದವರು ಸೀಟಿ ಹೊಡೆದರು. ಕುಸ್ತಿ ಆಡುವ ಒಬ್ಬ ದಾಂಡಿಗ ಮೂರು ಸಲ ಬಿದ್ದು, ಬೆಲ್ಟು ಬಿಚ್ಚಿ ನನ್ನ ಕೈಗಿಟ್ಟು, "ಇದು ನಮ್ಮಂಥಾವ್ರಿಗಲ್ಲ ಬಿಡ್ರಿ" ಎಂದು ಹೊರಟುಹೋದ.

ಮುಂದಿನ ಭಾನುವಾರ ಬಂದವರು ಬೆರಳೆಣಿಕೆಯಷ್ಟು. ಅದರ ಮುಂದಿನ ವಾರ ಯಾರೂ ಇಲ್ಲ. ಮಳೆ ಹಿಡಿದುಕೊಂಡಿತು. ನಾನು ಅಂತಿಮ ಸುತ್ತಿನ ದಾರಿಯೊಂದನ್ನು ಬಿಟ್ಟು ಉಳಿದ ಹಿಡಿಕೆಗಳನ್ನೆಲ್ಲ ಬಿಚ್ಚಿ, ಸೋಪಿನ ನೀರಲ್ಲಿ ನೆನೆಸಿ, ಬ್ರಶ್ಶಿನಿಂದ ಉಜ್ಜಿ ಒಣಗಿಸಿ, ಮತ್ತೆ ಅಲ್ಲಲ್ಲೇ ಬಿಗಿಯುವುದರಲ್ಲಿ ಕಾಲ ಕಳೆದೆ. ಮಂಗಗಳು ಬರದಂತೆ ಗವಾಕ್ಷಿಗಳಿಗೆ ಜಾಳಿಗೆ ಹೊಡೆಸಿದೆ. ಅವೂ ಬರುವುದು ನಿಂತ ಮೇಲೆ ಹಾಲ್ ಇನ್ನೂ ಬಿಕೋ ಅನ್ನತೊಡಗಿತು.

ಆಗ ಬಂದವರು ಗುಳೇದಗುಡ್ಡದ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಟೀಚರ್. ನಮ್ಮ ಕಡೆ ಟೀಚರಮ್ಮನವರಿಗೆ ಅಕ್ಕಾರ ಅನ್ನುತ್ತೇವೆ. ಅಕ್ಕಾರ ತಮ್ಮ ಶಾಲೆಯ ಹುಡುಗಿಯರನ್ನು ಬಸ್ಸಿನಲ್ಲಿ ಕರೆತಂದಿದ್ದರು. ಹೆಚ್ಚಿನವರ ಮನೆಯಲ್ಲಿ ಮಗ್ಗ. ಖಣ ನೇಯುವ ಮನೆಗಳು. ಹುಡುಗಿಯರು ಬೂಟು ಬಿಚ್ಚಿ, ಸಾಲಾಗಿ ಕೂತು, ಕಣ್ಣರಳಿಸಿ ಗೋಡೆ ನೋಡಿದರು. ಒಬ್ಬೊಬ್ಬಳೇ ಎದ್ದು ಬಂದಳು. ಒಬ್ಬೊಬ್ಬಳೇ ನೆಲ ಬಿಟ್ಟ ಕ್ಷಣಕ್ಕೆ ವಾಪಸು ನೆಲಕ್ಕೆ ಬಂದಳು. ಇವರು ಸೀಟಿ ಹೊಡೆಯಲಿಲ್ಲ, ನಗಲಿಲ್ಲ. ಸುಮ್ಮನೆ ಹೋಗಿ ಮತ್ತೆ ತಮ್ಮ ಜಾಗದಲ್ಲಿ ಕೂತರು. ಅದನ್ನು ನೋಡುವುದೇ ನನಗೆ ಹೆಚ್ಚು ಕಷ್ಟವಾಯಿತು.

ಮಕ್ಕಳು ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ ಅಕ್ಕಾರ ನನ್ನ ಹತ್ತಿರ ಬಂದರು.

"ಭಾಯ್, ಇದರಾಗ ಭಾಳ ಸಸಾರ ದಾರಿ ಯಾವ್ದು?"

"ಆ ಹಳದೀದ್ರಿ. ಅದಕ್ಕಿಂತ ಸಸಾರ ಈ ಗೋಡಿ ಮ್ಯಾಲೆ ಆಗೂದಿಲ್ಲ."

"ಯಾಕ ಆಗೂದಿಲ್ಲ?"

"ಗೋಡಿನ ಹೊರಗ ಬಾಗೇತಲ್ರಿ. ಎಷ್ಟು ದೊಡ್ಡ ಹಿಡಿಕಿ ಹಾಕಿದ್ರೂ ತೋಳಿನ ಕಸುವು ಬೇಕಾ ಬೇಕು."

"ಹಂಗಾರ ಗೋಡಿ ಒಳಗ ಬಾಗ್ಸ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ನೀವು ಹುಡುಗ್ರಿದ್ದಾಗ ಗುಡ್ಡ ಹತ್ತಿದ್ರಿ ಅಂತೀರಲ್ಲ, ಮೊದಲನೇ ದಿನಾನ ಇಂಥಾದನ್ನ ಹತ್ತಿದ್ರೇನು?"

ಇಲ್ಲ. ಅಗಸ್ತ್ಯತೀರ್ಥ ಹೊಂಡದ ಮಗ್ಗುಲಿನ ಬಂಡೆಗಳ ಮೇಲೆ ನಾವು ಚಡ್ಡಿ ಹಾಕಿಕೊಂಡು ಏರುತ್ತಿದ್ದ ಜಾಗಗಳೆಲ್ಲ ಹಿಂದಕ್ಕೆ ವಾಲಿದವು. ಅಲ್ಲಿ ಕಾಲಿನ ಮೇಲೆ ನಿಂತರೆ ಸಾಕು, ಕೈ ಬರೀ ಆಸರೆಗೆ. ತೋಳಿನ ಕಸುವೆಲ್ಲ ಆಮೇಲೆ ಬಂದದ್ದು. ಅಕ್ಕಾರಿಗೆ ಹಾಗೆಯೇ ಹೇಳಿದೆ.

"ಮತ್ತ? ಈ ಹುಡುಗ್ರಿಗೆ ಅಂಥಾದ್ದೊಂದು ಮಾಡಿ ಕೊಡ್ರಿ. ಕಠಿಣ ಮಾಡೂದು ನಿಮಗ ಬರ್ತೈತಿ, ಊರ ಮಂದಿ ಎಲ್ಲಾ ಹೇಳ್ತಾರ. ಸಸಾರ ಮಾಡೂದು ಬರ್ತೈತೋ ಇಲ್ಲೋ?"

ಆ ಮಾತು ಸ್ವಲ್ಪ ಚುಚ್ಚಿತು. ಅವರೆಲ್ಲ ಸಂಜೆ ಬಸ್ಸಿಗೆ ಹೋದ ಮೇಲೆ ನಾನು ಟೇಪು ಹಿಡಿದು ಗೋಡೆ ಅಳೆಯತೊಡಗಿದೆ. ಗೋಡೆಯ ಎಡಗಡೆ ಮೂರನೇ ಒಂದು ಪಾಲಿನ ಮುಂದೆ, ಬುಡದಿಂದ ಹಿಂದಕ್ಕೆ ವಾಲಿದ ಇನ್ನೊಂದು ಗೋಡೆ ಕಟ್ಟಬಹುದಿತ್ತು. ಪ್ರೇಕ್ಷಕರಿಗೆಂದು ಹಾಕಿದ್ದ ಗ್ಯಾಲರಿಯನ್ನು ಬಿಚ್ಚಿ ಹಾಲ್‌ನ ಹಿತ್ತಲಲ್ಲಿ ಒಟ್ಟಿದ್ದರು. ಕಬ್ಬಿಣದ ಪೈಪು, ಹಲಗೆ ಎಲ್ಲ ಅದರಲ್ಲೇ ಇತ್ತು. ಆದರೆ ಹೊಸ ಗೋಡೆ ಗಟ್ಟಿಯಾಗಿ ನಿಲ್ಲಬೇಕಾದರೆ ಹಳೆಯ ಚೌಕಟ್ಟಿಗೇ ತೂತು ಕೊರೆದು ಜೋಡಿಸಬೇಕು. ಮೇಲೆ ಎರಡೂ ಒಂದಕ್ಕೊಂದು ತಾಗುವುದರಿಂದ ಹಳೆಯ ಗೋಡೆಯ ಆ ಭಾಗದ ಮೇಲಿನ ಅರ್ಧ ಬಿಚ್ಚಬೇಕು. ನನ್ನ ಅಂತಿಮ ಸುತ್ತಿನ ದಾರಿ ಇದ್ದದ್ದು ಅಲ್ಲೇ.

ಅಧಿಕಾರಿಗೆ ಹೇಳಿದೆ. ಅವರು ಸಂಘದ ಕಾರ್ಯದರ್ಶಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಕಾರ್ಯದರ್ಶಿ ಬೆಂಗಳೂರಿನವರು. ಕೆಟ್ಟವರೇನಲ್ಲ, ಸ್ಪರ್ಧೆಯನ್ನು ನಮ್ಮೂರಿಗೆ ತರಲು ಓಡಾಡಿದವರೇ ಅವರು.

"ನೋಡಿ, ಗೋಡೆಯ ಅಗಲ ಕಡಿಮೆಯಾದರೆ, ಚೌಕಟ್ಟಿಗೆ ಒಂದು ತೂತು ಬಿದ್ದರೂ ಅದರ ಅಂತರರಾಷ್ಟ್ರೀಯ ಮಾನ್ಯತೆ ಹೋಗುತ್ತದೆ. ಇನ್ನು ಬಾದಾಮಿಗೆ ಅಂಥ ಸ್ಪರ್ಧೆ ಬರುವುದಿಲ್ಲ. ನಿಮಗೆ ಅರ್ಥವಾಗುತ್ತಿದೆಯಲ್ಲ?"

"ಆಗಾಕತ್ತೈತ್ರಿ."

"ದೇಶದಲ್ಲೇ ಇಂಥ ಗೋಡೆಗಳು ಎಷ್ಟಿವೆ ಹೇಳಿ? ನೀವೇ ಕಟ್ಟಿದ ದಾರಿಯನ್ನು ಅಷ್ಟು ದೇಶದವರು ಹೊಗಳಿದರು. ನಿಮ್ಮ ಕೈಯಾರೆ ಅದನ್ನು ಹಾಳುಮಾಡುತ್ತೀರಾ?"

ಫೋನು ವಾಪಸು ಕೊಟ್ಟೆ. ಅಧಿಕಾರಿ, "ಗೋಡಿ ವಿಷಯ ನನಗ ತಿಳಿಯಾಂಗಿಲ್ಲ. ನೀವ ಹೇಳ್ರಿ. ನೀವು ಮಾಡೂಣು ಅಂದ್ರ ನಾ ಮ್ಯಾಲಿನವ್ರ ಜೊತಿ ಮಾತಾಡ್ತೇನಿ, ಬ್ಯಾಡ ಅಂದ್ರ ಬ್ಯಾಡ" ಎಂದರು.

ಬಾಗಲಕೋಟೆಯಿಂದ ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕುತ್ತ ಬಂದೆ. ಮುಟ್ಟದೆ ಬಿಟ್ಟರೆ ಮಳೆಗಾಲ ಮುಗಿದ ಮೇಲೆ ಗೋಡೆ ಲಾರಿ ಹತ್ತುವುದು ಖಂಡಿತ. ಬೇರೆ ಊರಲ್ಲಿ ಅದು ಅಖಂಡವಾಗಿ ನಿಲ್ಲುತ್ತದೆ, ಅಲ್ಲಿ ಒಳ್ಳೆಯ ಆಟಗಾರರು ತಯಾರಾಗುತ್ತಾರೆ, ಅದೂ ಖರೆ. ಮುಟ್ಟಿದರೆ ಇಲ್ಲೇ ಉಳಿಯಬಹುದು, ಆದರೆ ಅರ್ಧಮರ್ಧವಾಗಿ. ಅಷ್ಟು ಮಾಡಿಯೂ ಯಾರೂ ಬರದಿದ್ದರೆ ಮಾನ್ಯತೆಯೂ ಹೋಯಿತು, ಗೋಡೆಯೂ ಹೋಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಹಾಕುತ್ತ, "ನಿಮ್ಮ ಗ್ವಾಡಿ ಊರ ಮಂದಿ ಎಲ್ಲಾ ನೋಡಿ ಬಂದಾರ. ನಾ ಇನ್ನಾ ಒಂದ ಸಲನೂ ಮುಟ್ಟಿಲ್ಲ" ಅಂದಳು. ದೂರುವ ದನಿಯಲ್ಲ, ಮಾತಿಗೆ ಮಾತು ಅಷ್ಟೇ. ಸ್ಪರ್ಧೆಯ ಉದ್ದಕ್ಕೂ ಅವಳು ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ನಿಂತು ನೋಡಿದ್ದಳು.

ಬೆಳಿಗ್ಗೆ ಅಧಿಕಾರಿಗೆ ಫೋನು ಮಾಡಿ, "ಮಾಡೂಣ್ರಿ ಸರ್" ಅಂದೆ.

ಅಧಿಕಾರಿ ಮೇಲಿನವರಿಂದ ಸಂಘಕ್ಕೆ ಹೇಳಿಸಿ ಒಪ್ಪಿಗೆ ತರಿಸುವವರೆಗೆ ಕಾದು ಆಮೇಲೆ ಕೆಲಸ ಹಿಡಿದೆ. ಮೊದಲ ಕೆಲಸ ನನ್ನ ದಾರಿಯನ್ನು ಬಿಚ್ಚುವುದು. ಬೇರೆಯವರ ಕೈಯಲ್ಲಿ ಬಿಚ್ಚಿಸಲು ಮನಸ್ಸಾಗಲಿಲ್ಲ. ಹಗ್ಗದ ಮೇಲೆ ಕೂತು, ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಅಲೆನ್ ಕೀಯಿಂದ ಬೋಲ್ಟು ತಿರುಗಿಸಿ ಒಂದೊಂದೇ ಹಿಡಿಕೆ ಚೀಲಕ್ಕೆ ಹಾಕಿದೆ. ಕಟ್ಟಲು ವಾರವೇ ಹಿಡಿದಿತ್ತು. ಬಿಚ್ಚಲು ಒಂದು ಮಧ್ಯಾಹ್ನ ಸಾಕಾಯಿತು. ಕೆಳಗೆ ಬಂದು ಮೇಲೆ ನೋಡಿದರೆ ಬರೀ ತೂತುಗಳು. ಚಹಾ ಕುಡಿದು ಬಂದೆ.

ಹುನಗುಂದದಿಂದ ವೆಲ್ಡಿಂಗ್ ಅಂಗಡಿಯವನೊಬ್ಬ ಬಂದ. ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಬಾಯಿ ಜೋರು. ಬಾಗಲಕೋಟೆಯ ಕಾಲೇಜಿನ ಸಿವಿಲ್ ವಿಭಾಗದ ಮೇಷ್ಟ್ರೊಬ್ಬರು ನಕ್ಷೆ ಹಾಕಿಕೊಟ್ಟಿದ್ದರು. ಗ್ಯಾಲರಿಯ ಪೈಪುಗಳನ್ನು ಕತ್ತರಿಸಿ ತ್ರಿಕೋನ ತ್ರಿಕೋನವಾಗಿ ಬೆಸೆದು, ಬುಡಕ್ಕೆ ಕಾಂಕ್ರೀಟ್ ಹಾಕಿ, ಮೇಲ್ತುದಿಯನ್ನು ಹಳೆಯ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದೆವು. ಮೊದಲ ತೂತು ಕೊರೆಯುವಾಗ ಅವನು ಡ್ರಿಲ್ ಹಿಡಿದು ನನ್ನ ಮುಖ ನೋಡಿದ.

"ಕೊರೀಲ್ಯಾ? ಒಮ್ಮಿ ಕೊರದ್ರ ಮುಚ್ಚಾಕ ಬರಾಂಗಿಲ್ಲ ಮತ್ತ."

"ಕೊರಿ ಮಾರಾಯಾ, ಕೇಳಬ್ಯಾಡ."

ಚೌಕಟ್ಟಿನ ಮೇಲೆ ಗ್ಯಾಲರಿಯ ಹಲಗೆಗಳನ್ನು ಕೂರಿಸಿ, ತೂತು ಹಾಕಿ, ಹಿಂದಿನಿಂದ ನಟ್ಟು ಹೊಡೆದೆವು. ನೋಡಲು ಲಕ್ಷಣವಾಗಿತ್ತು. ಮೇಷ್ಟ್ರು ಬಂದು ಭಾರದ ಪರೀಕ್ಷೆ ಮಾಡಬೇಕು ಅಂದರು. ಒಂದು ಹಿಡಿಕೆಗೆ ಸರಪಳಿ ಹಾಕಿ ಉಸುಕಿನ ಚೀಲಗಳನ್ನು ಒಂದೊಂದಾಗಿ ತೂಗುಹಾಕಿದೆವು. ಒಬ್ಬ ದಪ್ಪ ಮನುಷ್ಯನಷ್ಟು ಭಾರಕ್ಕೆ ಏನೂ ಆಗಲಿಲ್ಲ. ಅದರ ಎರಡರಷ್ಟು ಏರಿಸುವಷ್ಟರಲ್ಲಿ ಪಟ್ ಎಂದು ಸದ್ದಾಗಿ ನಟ್ಟು ಹಲಗೆಯನ್ನು ಸೀಳಿಕೊಂಡು ಈಚೆ ಬಂತು. ಚೀಲ ಒಡೆದು ಉಸುಕೆಲ್ಲ ಗೋಡೆಯ ಬುಡಕ್ಕೆ ಹಾಸಿದ್ದ ದಪ್ಪ ಹಾಸಿಗೆಯ ಮೇಲೆ ಚೆಲ್ಲಿತು. ಕೂತು ನೋಡುವುದಕ್ಕೆ ಮಾಡಿದ ಹಲಗೆ. ಎಳೆತ ತಡೆಯುವುದಕ್ಕೆ ಮಾಡಿದ್ದಲ್ಲ.

ವೆಲ್ಡರ್ ತಲೆ ಮೇಲೆ ಕೈ ಹೊತ್ತು ಕೂತ. ಮೇಷ್ಟ್ರು, "ಬೆನ್ನಿಗೆ ಇನ್ನೊಂದು ಪದರು ಬೇಕು, ಗಟ್ಟಿ ಪ್ಲೈವುಡ್‌ದು" ಅಂದರು. ಅದು ಎಲ್ಲಿಂದ ತರುವುದು? ನನ್ನ ಕಣ್ಣು ಹಳೆಯ ಗೋಡೆಯಿಂದ ಬಿಚ್ಚಿಟ್ಟ ಹಲಗೆಗಳ ಮೇಲೆ ಹೋಯಿತು. ಹೊಸದಾಗಿಯೇ ಇದ್ದವು. ಅವನ್ನು ಹಾಗೆಯೇ ಇಟ್ಟರೆ ಮುಂದೆಂದಾದರೂ ಗೋಡೆಯನ್ನು ಮೊದಲಿನಂತೆ ಮಾಡಬಹುದು ಎಂಬ ಸಣ್ಣ ಆಸೆ ನನ್ನ ಮನಸ್ಸಿನ ಮೂಲೆಯಲ್ಲಿತ್ತು. ಕತ್ತರಿಸಿದರೆ ಅದೂ ಮುಗಿಯಿತು. ನಾನೇ ಪೆನ್ಸಿಲಿನಿಂದ ಗೆರೆ ಹಾಕಿ ಗರಗಸದವನ ಕೈಗೆ ಕೊಟ್ಟೆ. ಎರಡನೇ ಪರೀಕ್ಷೆಯಲ್ಲಿ ನಾಲ್ಕು ಆಳಿನ ಭಾರ ಹಾಕಿದರೂ ಹಲಗೆ ಮಿಸುಕಲಿಲ್ಲ.

ಇನ್ನು ಉಳಿದದ್ದು ಸಸಾರ ದಾರಿ ಕಟ್ಟುವ ಕೆಲಸ. ಅದೇ ಎಲ್ಲಕ್ಕಿಂತ ಕಠಿಣವಾಯಿತು. ನನಗೆ ಸುಲಭವಾದದ್ದೆಲ್ಲ ಅಕ್ಕಾರಿಗೆ ಸಿಗುತ್ತಿರಲಿಲ್ಲ. ಅವರು ಪ್ರತಿ ಶನಿವಾರ ಮಧ್ಯಾಹ್ನ ಬಂದು ಹತ್ತಿ ನೋಡುತ್ತಿದ್ದರು. "ಇಲ್ಲಿ ಕಾಲು ಎತ್ತಬೇಕಾರ ಮೊಣಕಾಲು ಗದ್ದಕ್ಕ ಬಡೀತೈತಿ" ಅನ್ನುವರು. ನಾನು ಹಿಡಿಕೆ ಕೆಳಗಿಳಿಸುವೆ. "ಈಗ ಕೈ ಎಟಕೂದಿಲ್ಲ" ಅನ್ನುವರು. ಇನ್ನೊಂದು ಹಾಕುವೆ. ಕೊನೆಗೆ ನಾನು ಹತ್ತುವುದನ್ನೇ ಬಿಟ್ಟೆ. ಅವರು ಹತ್ತುವುದನ್ನು ಕೆಳಗೆ ಕೂತು ನೋಡಿದೆ, ಅವರ ಕೈ ತಾನಾಗಿಯೇ ಎಲ್ಲಿ ಹೋಗಿ ತಡಕಾಡುತ್ತದೋ ಅಲ್ಲಿ ಸುಣ್ಣದ ಗುರುತು ಮಾಡಿ ಹಿಡಿಕೆ ಹಾಕಿದೆ. ಒಂದು ಶನಿವಾರ ಅವರು ಮೊದಲ ಸಲ ತುದಿ ಮುಟ್ಟಿದರು. ಹಗ್ಗದಲ್ಲಿ ನಿಧಾನ ಇಳಿದು ಬಂದು, "ಇನ್ನೊಮ್ಮೆ" ಅಂದರು.

ಒಂದು ತೊಡಕು ಉಳಿದಿತ್ತು. ಹತ್ತುವವರಿಗೆ ಕೆಳಗಿನಿಂದ ಹಗ್ಗ ಹಿಡಿಯುವವರು ಬೇಕು, ಮತ್ತು ಹಿಡಿಯಲು ಬರುವವನು ನಾನೊಬ್ಬನೇ. ಒಬ್ಬರು ಏರಿ ಇಳಿಯುವವರೆಗೆ ಉಳಿದವರೆಲ್ಲ ಕಾಯಬೇಕು. ಅಕ್ಕಾರ ಕಲಿತರು. ಅವರಿಂದ ಹತ್ತನೇ ತರಗತಿಯ ಹುಡುಗಿಯರು ಕಲಿತರು. ಕೆಳಗಿನ ಕೈ ಹಗ್ಗದಿಂದ ಎಂದೂ ಬಿಡಬಾರದು, ಕಣ್ಣು ಮೇಲಿನವರ ಮೇಲಿಂದ ಸರಿಯಬಾರದು. ಇವೆರಡನ್ನು ಅವರಿಗೆ ದಿನವೂ ಹೇಳಿದೆ, ದಿನವೂ ಪರೀಕ್ಷೆ ಮಾಡಿದೆ.

ಆಮೇಲೆ ಜನ ಬಂದರು. ಒಮ್ಮೆಲೇ ಬರಲಿಲ್ಲ. ಮೊದಲು ಗುಳೇದಗುಡ್ಡದ ಹುಡುಗಿಯರು, ಅವರ ಹಿಂದೆ ಅವರ ತಮ್ಮಂದಿರು. ಕುಸ್ತಿಯ ದಾಂಡಿಗ ನಾಚಿಕೊಂಡು ಬಂದು, ಹಿಂದಕ್ಕೆ ವಾಲಿದ ಗೋಡೆಯನ್ನು ಮುಗಿಸಿ, ಈಗ ಬಾಗಿದ ಗೋಡೆಯ ಹಳದಿ ದಾರಿಯ ಅರ್ಧಕ್ಕೆ ಹೋಗುತ್ತಾನೆ. ಹುನಗುಂದದ ಕರೆಂಟಿನ ಲೈನ್‌ಮನ್‌ಗಳು ಕೇಳಿಕೊಂಡು ಬಂದರು. ಕಂಬದ ಮೇಲೆ ಬೆಲ್ಟು ಕಟ್ಟಿಕೊಂಡು ಕೆಲಸ ಮಾಡುವುದನ್ನು, ಎಚ್ಚರ ತಪ್ಪಿದವನನ್ನು ಕೆಳಗಿಳಿಸುವುದನ್ನು ಇಲ್ಲಿ ಅಭ್ಯಾಸ ಮಾಡತೊಡಗಿದರು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದರು. ಹುಡುಗಿಯರು ಅವರ ದಾರಿಯನ್ನೇ ಕಾಯುತ್ತಿದ್ದರು. ನನ್ನ ಹೆಂಡತಿಯೂ ಬಂದಳು. ಅರ್ಧಕ್ಕೆ ಹೋಗಿ, ಹೆದರಿ, ನನಗೆ ಬಾಯಿತುಂಬ ಬೈದು, ತುದಿ ಮುಟ್ಟಿ ಬಂದಳು.

ಮಳೆ ನಿಂತ ಮೇಲೆ ಕಾರ್ಯದರ್ಶಿ ತಪಾಸಣೆಗೆ ಬಂದರು. ಅವತ್ತು ಮಂದಿ ಸೇರಿಸಬೇಕೆಂದು ನಾವೇನೂ ಮಾಡಿರಲಿಲ್ಲ. ಶನಿವಾರ, ಹಾಲ್ ತಾನಾಗಿಯೇ ತುಂಬಿತ್ತು. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೊರೆದ ತೂತುಗಳನ್ನು ಕೈಯಿಂದ ಮುಟ್ಟಿ ನೋಡಿದರು. ಬೂಟು ಹಾಕಿಕೊಂಡೇ ಹಾಸಿಗೆಯ ಮೇಲೆ ಕಾಲಿಟ್ಟಾಗ ಒಬ್ಬ ಹುಡುಗಿ, "ಸರ್, ಬೂಟ್ ಅಲ್ಲಿ ಬಿಚ್ಚಿ ಬರ್ರಿ. ಹತ್ತೂದಿದ್ರ ಪಾಳಿ ಹಚ್ರಿ" ಅಂದಳು. ಅವರು ಬಿಚ್ಚಿದರು. ಪಾಳಿ ಹಚ್ಚಲಿಲ್ಲ, ಆದರೆ ಹೊರಡುವ ಮುಂಚೆ ನನ್ನನ್ನು ಬದಿಗೆ ಕರೆದರು.

"ಮಾನ್ಯತೆ ಹೋಗುತ್ತದೆ. ಅದರಲ್ಲಿ ನಾನು ಏನೂ ಮಾಡಲಾರೆ."

"ಗೊತ್ತೈತ್ರಿ."

"ಗೋಡೆ ಒಯ್ಯುವುದಿಲ್ಲ. ಇದನ್ನು ಇಲ್ಲಿಂದ ಬಿಚ್ಚಿ ಅಂತ ಹೇಳುವ ಧೈರ್ಯ ನನಗಿಲ್ಲ" ಎಂದು ಬಾಗಿಲ ಕಡೆ ನಡೆದರು. ನಡೆಯುತ್ತಲೇ ತಿರುಗಿ, "ಆ ದಾರಿ ಮಾತ್ರ ಬಹಳ ಚೆನ್ನಾಗಿತ್ತು ಕಣ್ರೀ" ಅಂದರು.

ಹೌದು, ಚೆನ್ನಾಗಿತ್ತು. ಅದರ ನೆನಪಾದಾಗ ಈಗಲೂ ಬೆರಳು ತುರಿಸುತ್ತದೆ. ಆದರೆ ಹಾಲ್‌ಗೆ ಬಂದು ಶಟರ್ ಎತ್ತಿದ ಮೇಲೆ ಅದರ ನೆನಪು ಮಾಡಿಕೊಳ್ಳಲು ನನಗೆ ಪುರುಸೊತ್ತೇ ಸಿಗುವುದಿಲ್ಲ.

ಈಚೆಗೆ ಮಂಗಳವಾರ ಬೆಳಿಗ್ಗೆ ಹೆಂಗಸರಿಗೆಂದೇ ಇಟ್ಟಿದ್ದೇವೆ. ಹೋದ ವಾರ ಒಬ್ಬ ಹುಡುಗಿ ತನ್ನ ಅಜ್ಜಿಯನ್ನು ಕರೆತಂದಳು. ಅಜ್ಜಿ ಇಳಕಲ್ಲ ಸೀರೆ ಉಟ್ಟಿದ್ದರು. ಬೆಲ್ಟಿನ ಪಟ್ಟಿ ಎರಡೂ ತೊಡೆಗೆ ಬೇರೆ ಬೇರೆ ಸುತ್ತಬೇಕು, ಸೀರೆಯ ಮೇಲೆ ಆಗುವುದಿಲ್ಲ ಎಂದು ಮೊಮ್ಮಗಳು ವಿವರಿಸುತ್ತಿದ್ದಳು. ಅಜ್ಜಿ ಮರೆಗೆ ಹೋಗಿ ಕಚ್ಚೆ ಹಾಕಿ ಬಂದು, "ಈಗ ಕಟ್ಟು" ಅಂದರು. ಕಟ್ಟಿದೆವು. ಹಗ್ಗ ನಾನೇ ಹಿಡಿದೆ. ಅವರು ಅವಸರ ಮಾಡಲಿಲ್ಲ. ಪ್ರತಿ ಹಿಡಿಕೆಯನ್ನೂ ಒಮ್ಮೆ ಅಲುಗಾಡಿಸಿ ನೋಡಿ, ನಂಬಿಕೆ ಬಂದ ಮೇಲೆಯೇ ಕಾಲಿಟ್ಟರು. ತುದಿಗೆ ಹೋಗಿ ಅಲ್ಲಿರುವ ಅಗಲ ಅಂಚಿನ ಮೇಲೆ ಕೂತರು. ಅಲ್ಲಿಂದ ಗವಾಕ್ಷಿಯಾಚೆ ಗುಡ್ಡದ ಕೆಂಪು ಸಾಲು, ಸಜ್ಜೆ ಹೊಲ, ರಸ್ತೆ ಎಲ್ಲ ಕಾಣುತ್ತದೆ.

"ಇಳಸ್ಲೇನ್ರಿ ಯವ್ವಾ?" ಎಂದು ಕೆಳಗಿನಿಂದ ಕೂಗಿದೆ.

"ತಡೀಪಾ. ಇಷ್ಟ್ ಮ್ಯಾಲೆ ನಾ ಎಂದ ಕುಂತಿದ್ದೆ?"

ಕೆಳಗೆ ಪಾಳಿಯಲ್ಲಿ ಕೂತಿದ್ದ ಹೆಂಗಸರು ಅವರ ಹೆಸರು ಹಿಡಿದು ಕೂಗಿ ನಗುತ್ತಿದ್ದರು. ಅಜ್ಜಿ ಯಾರ ಕಡೆಗೂ ನೋಡಲಿಲ್ಲ. ನಾನು ಹಗ್ಗವನ್ನು ಇನ್ನೊಂದಿಷ್ಟು ಬಿಗಿ ಮಾಡಿ, ಕಾಲು ಅಗಲಿಸಿ ನೆಟ್ಟಗೆ ನಿಂತು, ಅವರು ಸಾಕು ಅನ್ನುವವರೆಗೆ ಕಾದೆ.